ಕಂಪನಿ ಖಾನೆಯಲ್ಲಿ ಬರೆದ ಬಳಿ

ನವಿ ಮುಂಬೈಯ ರಬಾಳೆಯಲ್ಲಿದ್ದ ಆಫೀಸಿಗೆ ಸೇರಿದ ಮೊದಲ ವಾರ ನಾನು ದಿನಾ ಅಳುಮೋರೆ ಹಾಕಿಕೊಂಡೇ ಡೊಂಬಿವಲಿಗೆ ವಾಪಸಾಗುತ್ತಿದ್ದೆ. ಪಂಪುಗಳಿಗೆ ಬೇಕಾದ ರಬ್ಬರ್ ಸೀಲುಗಳನ್ನು ಮಾಡುವ ಕಂಪನಿ ಅದು. ಗಿರಾಕಿಗಳ ಹೆಸರು, ಫೋನು, ಯಾರೊಂದಿಗೆ ಯಾವಾಗ ಏನು ಮಾತಾಯಿತು ಎಂಬುದೆಲ್ಲ ಇಂಟರ್ನೆಟ್ಟಿನಲ್ಲಿ ತೆರೆಯುವ ಒಂದು ಸಾಫ್ಟ್‌ವೇರಿನಲ್ಲಿ ಇರುತ್ತಿತ್ತು. ಪುಟದ ಮೇಲ್ಗಡೆ ಅಡ್ಡಕ್ಕೆ ಟ್ಯಾಬುಗಳ ಸಾಲು: ಕಾಂಟ್ಯಾಕ್ಟ್ಸ್, ಕಂಪನೀಸ್, ಕ್ಯಾಲೆಂಡರ್, ರಿಪೋರ್ಟ್ಸ್. ಎಡಗಡೆ ಉದ್ದಕ್ಕೆ ಇನ್ನೊಂದು ಮೆನು. ನಡುವೆ ಹೆಸರುಗಳು. ಒಂದು ಹೆಸರನ್ನು ಒತ್ತಿದರೆ ಆ ಮನುಷ್ಯನ ಪುಟ, ಅದರೊಳಗೆ ಮತ್ತೆ ಸಣ್ಣ ಸಣ್ಣ ಟ್ಯಾಬುಗಳು. ಒಳಗೆ ಹೊಕ್ಕವಳಿಗೆ ಹೊರಗೆ ಬರುವ ದಾರಿ ತಿಳಿಯುತ್ತಿರಲಿಲ್ಲ. ಬ್ಯಾಕ್ ಒತ್ತಿದರೆ ಬರೆದದ್ದೆಲ್ಲ ಮಾಯವಾಗುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೌಸನ್ನು ಟೇಬಲ್ಲಿಗೆ ಕುಕ್ಕುವುದನ್ನು ಪಕ್ಕದ ಕುರ್ಚಿಯವಳು ನೋಡಿದಳು.

"ಅದಕ್ಕೇನು ಹೊಡೀತೀ? ಅದು ನಿನಗೇನು ಮಾಡಿದೆ?" ಎಂದಳು ಹಿಂದಿಯಲ್ಲಿ. ಆಮೇಲೆ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಕೂತಳು.

ಅವಳು ಕಲಿಸಿದ ರೀತಿ ಸರಳವಾಗಿತ್ತು. ಮೊದಲು ಮೇಲೆ ನೋಡು, ಯಾವ ಟ್ಯಾಬಿನಲ್ಲಿದ್ದೀ ಎಂದು ತಿಳಿಯುತ್ತದೆ. ಆಮೇಲೆ ಎಡಗಡೆ ನೋಡು. ಕೊನೆಗೆ ನಡುವಿನ ಹೆಸರುಗಳಿಗೆ ಬಾ. ಹೆಸರುಗಳ ತಲೆಯ ಮೇಲೆ ಒಂದು ಸಣ್ಣ ಬಾಣ ಇರುತ್ತದೆ; ಅದನ್ನು ಒತ್ತಿದರೆ 'ಎಲ್ಲರೂ', 'ನನ್ನವರು', 'ಕಂಪನಿ ಪ್ರಕಾರ' ಎಂದು ಕೇಳುತ್ತದೆ. ಕಳೆದ ಸಲ ಯಾವುದನ್ನು ಆರಿಸಿದ್ದೀಯೋ ಮುಂದಿನ ಸಲವೂ ಅದನ್ನೇ ತೆರೆದು ಕೊಡುತ್ತದೆ. ಖಾನೆಗಳ ಪಕ್ಕ ಕೆಂಪು ನಕ್ಷತ್ರ ಇದ್ದರೆ ಮಾತ್ರ ತುಂಬಲೇಬೇಕು, ಇಲ್ಲದವನ್ನು ಬಿಟ್ಟರೂ ನಡೆಯುತ್ತದೆ. ಎರಡನೆಯ ವಾರ ನಾನು ಅಳುಮೋರೆ ಬಿಟ್ಟೆ. ಅವಳೂ ನಾನೂ ಡಬ್ಬಿಯ ಊಟ ಹಂಚಿಕೊಂಡು ತಿನ್ನತೊಡಗಿದೆವು.

ಅವಳ ಡಬ್ಬಿಯಲ್ಲಿ ಒಂದು ದಿನ ಪತ್ರೊಡೆ ಇತ್ತು. ಕೆಸುವಿನೆಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸಿದ್ದು, ನಮ್ಮ ಕಡೆಯ ಹಾಗೆಯೇ ಒಗ್ಗರಣೆಯಲ್ಲಿ ಕಾಯಿತುರಿ ಹಾಕಿ ಹುರಿದದ್ದು. ಅಲ್ಲಿಯ ತನಕ ನಾನು ಅವಳನ್ನು ಮರಾಠಿಯವಳು ಎಂದೇ ತಿಳಿದಿದ್ದೆ. ಅವಳಮ್ಮ ಮರಾಠಿಯವರೇ. ಅಪ್ಪ ಮಾತ್ರ ನಮ್ಮವರು, ತುಳು ಮಾತಾಡುವ ಉಡುಪಿ ಕಡೆಯವರು, ಠಾಣೆಯಲ್ಲಿ ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಆ ಹೋಟೆಲಿನ ಎದುರಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬರುತ್ತಿದ್ದ ಹುಡುಗಿಯನ್ನು ಇಷ್ಟಪಟ್ಟು ಮದುವೆಯಾಗಿದ್ದರು. ಅಂದಿನಿಂದ ಊರಿನ ಮನೆಯವರು ಅವರ ಹೆಸರೆತ್ತುವುದನ್ನು ಬಿಟ್ಟಿದ್ದರಂತೆ. ಇದನ್ನೆಲ್ಲ ಅವಳು ಬೇರೆಯವರ ಮನೆಯ ಸಂಗತಿ ಹೇಳಿದಂತೆ ಹೇಳಿದಳು.

ನನ್ನ ಸೋದರಮಾವ ಡೊಂಬಿವಲಿಯ ನಮ್ಮ ಸಮಾಜದ ಸಂಘದಲ್ಲಿ ವಧೂವರರ ವಿಭಾಗ ನೋಡಿಕೊಳ್ಳುತ್ತಾರೆ ಎಂದು ಮಾತಿಗೆ ಮಾತು ಬಂದು ನಾನೇ ಹೇಳಿದ್ದೆ. ಮರುದಿನವೇ ಅವಳು ತನ್ನ ಒಂದು ಫೋಟೋ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟಳು.

"ನನಗಲ್ಲ, ಪಪ್ಪಾಗೆ ಬೇಕಂತೆ. ಸಂಘದ ವಿಷಯ ಕೇಳಿದ ಹೊತ್ತಿನಿಂದ ಹಿಂದೆ ಬಿದ್ದಿದ್ದಾರೆ. ನಿನ್ನ ಮಾಮಾಗೆ ಕೊಡು, ಮುಗೀತು."

ಆ ತಿಂಗಳೇ ಒಂದು ಭಾನುವಾರ ಅವಳು ನನ್ನನ್ನು ಡೊಂಬಿವಲಿಯ ಪಕ್ಕದ ಊರು ಕಲ್ಯಾಣಿನ ತನ್ನ ಮನೆಗೆ ಕರೆದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕೂರಿಸುವ ಮೊದಲೇ "ಓವು ಇಲ್ಲ್?" ಎಂದು ಕೇಳಿದರು. ಯಾವ ಮನೆ ಎಂದು ಕೇಳುವುದು ನಮ್ಮಲ್ಲಿ ರೂಢಿ. ನಾನು ಅಮ್ಮನ ಮನೆಯ ಹೆಸರು ಹೇಳಿದಾಗ ಆ ಮನೆಯ ಮುಂದಿನ ಗದ್ದೆ, ತೊರೆ ದಾಟಿ ಹೋಗುವ ಸಂಕ, ಎಲ್ಲವನ್ನೂ ಅವರೇ ವರ್ಣಿಸತೊಡಗಿದರು. ನಾನು ಆ ಮನೆಯನ್ನು ರಜೆಯಲ್ಲಿ ಎಲ್ಲೋ ಕೆಲವು ಸಲ ನೋಡಿದವಳು. ಅವರ ತುಳು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಅವಳಮ್ಮ ಚಹಾ ಕೊಟ್ಟು ಒಳಗೆ ಹೋದರು.

ಹೊರಡುವಾಗ ಅವರು ಮೆಟ್ಟಿಲಿನ ತನಕ ಬಂದರು. "ಸಂಬಂಧ ಕೂಡಿ ಬರಲೇಬೇಕು ಅಂತ ನಾನು ಹೇಳುವುದಿಲ್ಲಮ್ಮ. ನಮ್ಮವರಿಂದ ಒಂದು ಫೋನ್ ಬರಲಿ. ಇಂಥವರ ಮಗಳಂತೆ, ಏನು ಓದಿದ್ದಾಳೆ, ಎಲ್ಲಿ ಕೆಲಸ, ಅಂತ ಯಾರಾದರೂ ಒಬ್ಬರು ಕೇಳಲಿ. ಆಗುವುದು ಬಿಡುವುದು ಆಮೇಲಿನ ಮಾತು" ಎಂದರು. ನಾನು ಆಗಲಿ ಎಂದೆ. ಅಷ್ಟು ಸಣ್ಣ ಸಂಗತಿ, ಆಗದೆ ಎಲ್ಲಿ ಹೋಗುತ್ತದೆ ಎಂದೇ ನನ್ನ ಎಣಿಕೆಯಾಗಿತ್ತು.

ಈಗ ನನ್ನ ಮಾವನ ವಿಷಯ. ಅಮ್ಮನ ಅಣ್ಣ. ವಾಗ್ಳೆ ಎಸ್ಟೇಟಿನ ಒಂದು ಔಷಧಿ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಪ್ರತಿ ಭಾನುವಾರ ಬೆಳಿಗ್ಗೆ ಡೊಂಬಿವಲಿ ಪೂರ್ವದಲ್ಲಿ ಹಿಟ್ಟಿನ ಗಿರಣಿಯ ಮೇಲಿದ್ದ ಸಂಘದ ಕೋಣೆಯ ಬೀಗ ತೆಗೆದು ಕೂರುತ್ತಿದ್ದರು. ಕೆಳಗಿನ ಗಿರಣಿಯ ಹಿಟ್ಟು ಹಾರಿ ಹಾರಿ ಸಂಘದ ಕಂಪ್ಯೂಟರಿನ ಮೇಲೆಲ್ಲ ಬಿಳಿಯ ಧೂಳು ಕೂರುತ್ತಿತ್ತು. ಹೆಂಡತಿ ಇಲ್ಲದ, ಮಕ್ಕಳಿಲ್ಲದ ಮಾವನಿಗೆ ಊರವರ ಮದುವೆಯೆಂದರೆ ಬಲು ಉತ್ಸಾಹ. ತಾನು ಕೂಡಿಸಿದ ಜೋಡಿಗಳ ಮಕ್ಕಳ ಹೆಸರು ಕೂಡ ಅವರಿಗೆ ನೆನಪಿರುತ್ತಿತ್ತು.

ನಮ್ಮ ಆಫೀಸಿನ ಸಾಫ್ಟ್‌ವೇರನ್ನೇ, ಇಬ್ಬರು ಮೂವರು ಬಳಸುವುದಾದರೆ ಪುಕ್ಕಟೆ ಎಂದು ಗೊತ್ತಾಗಿ, ನಾನು ಸಂಘಕ್ಕೆ ಹಾಕಿಕೊಟ್ಟಿದ್ದೆ. ಗೆಳತಿ ಕಲಿಸಿದ್ದನ್ನೆಲ್ಲ ಮಾವನಿಗೆ ಕಲಿಸಿದೆ: ಮೊದಲು ಮೇಲೆ, ಆಮೇಲೆ ಎಡಕ್ಕೆ, ಕೊನೆಗೆ ನಡುವೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಕೇಳಿದ ಮೊದಲ ಪ್ರಶ್ನೆ ಇದು:

"ಎಲ್ಲಾ ಸರಿ ಮಾರಾಯ್ತಿ, ಬಳಿ ಬರೆಯುದು ಎಲ್ಲಿ?"

ಬಳಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ಅಮ್ಮನದು ಯಾವ ಬಳಿಯೋ ಮಕ್ಕಳದೂ ಅದೇ. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣ ತಂಗಿಯ ಲೆಕ್ಕ, ಮದುವೆಯ ಮಾತೇ ಇಲ್ಲ. ಆದ್ದರಿಂದ ಓದು, ಕೆಲಸ, ಬಣ್ಣ ಯಾವುದನ್ನು ಕೇಳುವುದಕ್ಕೂ ಮೊದಲು ಬಳಿ ಕೇಳಿ ಮುಗಿಸುತ್ತಾರೆ. ಒಂದೇ ಆಯಿತೋ, ಕಾಫಿ ಕುಡಿದು ನಗುತ್ತಾ ಎದ್ದು ಹೋಗುವುದು. ಆ ಸಾಫ್ಟ್‌ವೇರ್ ಮಾಡಿದವರಿಗೆ ಇದು ಹೇಗೆ ಗೊತ್ತಿರಬೇಕು? ಹೆಸರು, ಹುದ್ದೆ, ಕಂಪನಿ, ಫ್ಯಾಕ್ಸ್ ನಂಬರಿಗೂ ಖಾನೆ ಇತ್ತು, ಬಳಿಗೆ ಇರಲಿಲ್ಲ. ಕೆಳಗೆ ಟಿಪ್ಪಣಿಯಲ್ಲಿ ಬರೆದರಾಯಿತು ಎಂದೆ ನಾನು. ಮಾವ ಒಪ್ಪಲಿಲ್ಲ. ಒಂದು ಭಾನುವಾರವಿಡೀ ಒಬ್ಬರೇ ಕೂತು ಆ ಮೆನು ಈ ಮೆನು ಒತ್ತುತ್ತಾ, ಕೊನೆಗೆ ಬಳಿಯನ್ನು ಕಂಪನಿಯ ಖಾನೆಯಲ್ಲಿ ಬರೆದರು.

ಬರೆದದ್ದೇ ತಡ, ಎಲ್ಲವೂ ಅವರಿಗೆ ಬೇಕಾದ ಹಾಗೆ ಕೂತುಬಿಟ್ಟಿತು. ಬಾಣ ಒತ್ತಿ 'ಕಂಪನಿ ಪ್ರಕಾರ' ಎಂದು ಆರಿಸಿದರೆ ಒಂದೊಂದು ಬಳಿಯವರೂ ಒಂದೊಂದು ತಲೆಬರಹದ ಕೆಳಗೆ ಒಟ್ಟಿಗೆ ಬರುತ್ತಿದ್ದರು. ಹುಡುಗನ ಬಳಿಯ ತಲೆಬರಹವನ್ನು ಮುಚ್ಚಿಬಿಟ್ಟು ಉಳಿದವುಗಳಲ್ಲಿ ಹುಡುಗಿಯನ್ನು ನೋಡಿದರಾಯಿತು. ಪ್ರತಿ ಬಳಿಯ ಪಕ್ಕದಲ್ಲೂ ಹೊಗೆಗೊಳವೆ ಇರುವ ಕಾರ್ಖಾನೆಯ ಪುಟ್ಟ ಚಿತ್ರ ಬರುತ್ತಿತ್ತು. ನೌಕರರ ಸಂಖ್ಯೆ ಎಷ್ಟು ಎಂದು ಸಾಫ್ಟ್‌ವೇರ್ ಆಗಾಗ ಕೇಳುತ್ತಿತ್ತು. ಇದನ್ನು ಹೇಳಿ ನಾನು ಮಾವನನ್ನು ಎಷ್ಟು ಕಾಡಿಸಿದ್ದೇನೋ ಲೆಕ್ಕವಿಲ್ಲ. ಅವರು ಮಾತ್ರ ಬಂದವರಿಗೆಲ್ಲ ಮಾನಿಟರ್ ತಿರುಗಿಸಿ ತೋರಿಸುತ್ತಾ, "ನಮ್ಮ ಸೊಸೆ ತಂದದ್ದು, ತಲೆ ಓಡಿಸಿದ್ದು ನಾನು" ಎನ್ನುತ್ತಿದ್ದರು. ತಂಗಿಯ ಮಗಳನ್ನು ಸೊಸೆ ಎನ್ನುವುದು ನಮ್ಮ ರೂಢಿ. ಆ ಮಾತು ಕೇಳಿದಾಗ ನನಗೂ ಹೆಮ್ಮೆಯಾಗುತ್ತಿತ್ತು.

ಗೆಳತಿಯ ವಿವರಗಳನ್ನು ಮಾವ ನನ್ನೆದುರಿಗೇ ತುಂಬಿಸಿದರು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ. ಫೋಟೋವನ್ನು ನಾನು ಸ್ಕ್ಯಾನ್ ಮಾಡಿ ಸೇರಿಸಿದೆ. ಹೆಸರು ಆಯಿತು, ಓದು ಆಯಿತು, ಕಲ್ಯಾಣಿನ ವಿಳಾಸ, ಫೋನ್ ನಂಬರ್ ಆಯಿತು. ಕಂಪನಿಯ ಖಾನೆಗೆ ಬಂದಾಗ ಬೆರಳು ನಿಂತಿತು.

"ತಾಯಿ ನಮ್ಮವರಲ್ಲ ಅಲ್ವಾ. ಬಳಿ ಅಂತ ಎಂತ ಬರೆಯುದು?" ಎಂದು ಸ್ವಲ್ಪ ಯೋಚಿಸಿದರು. ಆಮೇಲೆ ಅವರೇ, "ನಕ್ಷತ್ರ ಇಲ್ಲ ಇದಕ್ಕೆ. ಬಿಟ್ಟರೂ ನಡೀತದೆ" ಎಂದು ಮುಂದಕ್ಕೆ ಹೋದರು. ಸೇವ್ ಒತ್ತಿದರು. ಸೇವ್ ಆಯಿತು ಎಂದು ಹಸಿರು ಪಟ್ಟಿಯೂ ಬಂತು. ಮಾವನ ಮುಖದಲ್ಲಿ ಹಿಂಜರಿಕೆ ಏನೂ ಇರಲಿಲ್ಲ. "ಚಂದ ಇದ್ದಾಳೆ ಹುಡುಗಿ. ನೋಡುವ, ಆಗ್ತದೆ" ಎಂದರು.

ಸೋಮವಾರಗಳಂದು ಗೆಳತಿ ಬ್ಯಾಗು ಕೆಳಗಿಡುವ ಮೊದಲೇ ನನ್ನ ಮುಖ ನೋಡುತ್ತಿದ್ದಳು. ಭಾನುವಾರ ಸಂಘದಿಂದ ಫೋನ್ ಬಂದೀತೆಂದು ಅವಳ ಅಪ್ಪ ಮಾರ್ಕೆಟ್ಟಿಗೂ ಹೋಗದೆ ಮನೆಯಲ್ಲೇ ಇರುತ್ತಿದ್ದರಂತೆ. "ಸ್ನಾನಕ್ಕೆ ಹೋಗುವಾಗ ಮಮ್ಮಿಯನ್ನು ಫೋನಿನ ಹತ್ತಿರ ಕೂರಿಸಿ ಹೋಗುತ್ತಾರೆ" ಎಂದು ನಗುತ್ತಾ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಮಾವನನ್ನು ಕೇಳಿದರೆ ಒಂದೇ ಉತ್ತರ: "ಬಂದವರಿಗೆಲ್ಲ ತೋರಿಸ್ತಾ ಇದ್ದೇನೆ. ಕೂಡಿ ಬರಬೇಕಲ್ಲ." ಅವರು ಸುಳ್ಳು ಹೇಳುವವರಲ್ಲ. ಕಂಪ್ಯೂಟರಿನಲ್ಲಿ ಇದ್ದವರೆಲ್ಲ ತನ್ನ ಕಣ್ಣೆದುರು ಇದ್ದಾರೆ, ಪ್ರತಿ ಭಾನುವಾರ ಎಲ್ಲರನ್ನೂ ತೋರಿಸುತ್ತಿದ್ದೇನೆ ಎಂದೇ ಅವರು ನಂಬಿದ್ದರು.

ಮಳೆಗಾಲ ಕಳೆಯಿತು, ಗಣಪತಿ ಬಂದು ಹೋಯಿತು, ಇನ್ನೊಂದು ಮಳೆಗಾಲವೂ ಬಂತು. ಗೆಳತಿ ಸೋಮವಾರ ನನ್ನ ಮುಖ ನೋಡುವುದನ್ನು ಬಿಟ್ಟಳು. ಅವಳು ಬಿಟ್ಟ ಮೇಲೆ ನನಗೆ ಸಿಟ್ಟು ಹೆಚ್ಚಾಯಿತು. ಯಾರ ಮೇಲೆ ಎಂದರೆ ನಮ್ಮ ಇಡೀ ಜನದ ಮೇಲೆ. ಫೋಟೋ ನೋಡುತ್ತಾರೆ, ಚಂದ ಇದ್ದಾಳೆ ಎನ್ನುತ್ತಾರೆ, ತಾಯಿ ಮರಾಠಿಯವಳು ಎಂದು ತಿಳಿದ ಕೂಡಲೇ ಮುಂದಿನ ಹೆಸರು ತೋರಿಸಿ ಎನ್ನುತ್ತಾರೆ. ಇದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ತಡೆಯಲಾರದೆ ಅವಳಿಗೆ ಹೇಳಿಯೇಬಿಟ್ಟೆ. "ನಮ್ಮವರು ಹಾಗೇ ಕಣೇ. ಅಮ್ಮನ ಕಡೆ ನೋಡಿ ಬೇಡ ಅಂತಾರೆ."

ಅವಳು ಚಪಾತಿಯ ತುಂಡನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. "ಮಲಾ ಮಾಹೀತ್ ಹೋತಂ" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತಂತೆ. ಡಬ್ಬಿಯ ಮುಚ್ಚಳ ಹಾಕುತ್ತಾ, ಪಪ್ಪಾಗೆ ಮಾತ್ರ ಇದನ್ನು ಹೇಳಬೇಡ ಎಂದಳು.

ಮರುವರ್ಷ ಅವಳಮ್ಮನ ಕಡೆಯ ಸಂಬಂಧವೊಂದು ಕೂಡಿ ಬಂತು. ಹುಡುಗ ಪುಣೆಯವನು, ಒಳ್ಳೆಯವನು. ಕಲ್ಯಾಣಿನ ಒಂದು ಹಾಲ್‌ನಲ್ಲಿ ಮದುವೆಯಾಯಿತು. ಅಪ್ಪ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಮರಾಠಿಯಲ್ಲಿ ಸ್ವಾಗತಿಸುತ್ತಿದ್ದರು. ನನ್ನನ್ನು ಕಂಡಾಗ ಮುಖ ಅರಳಿತು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ, "ಮಾಮ ಬರಲಿಲ್ಲವಾ ಅಮ್ಮ? ಸಂಘದ ವಿಳಾಸಕ್ಕೆ ಕಾಗದ ಹಾಕಿದ್ದೆ" ಎಂದರು. ಮಾವನಿಗೆ ಭಾನುವಾರ ಎಷ್ಟೋ ಮದುವೆ ಕಾಗದಗಳು ಬರುತ್ತಿದ್ದವು. ಕೆಲಸವಿತ್ತಂತೆ ಎಂದು ಏನೋ ಒಂದು ಹೇಳಿ ನಾನು ಒಳಗೆ ಹೋದೆ. ಅವತ್ತು ಅಲ್ಲಿ ತುಳು ಆಡಿದವರು ನಾವಿಬ್ಬರೇ.

ಗೆಳತಿ ಕೆಲಸ ಬಿಟ್ಟು ಪುಣೆಗೆ ಹೋದಳು. ಮೊದಮೊದಲು ಫೋನ್ ಇತ್ತು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ ಅವಳ ನಂಬರ್ ಬದಲಾಯಿತೋ ನನ್ನದೋ, ಅಂತೂ ನಿಂತಿತು. ನನಗೂ ಮದುವೆಯಾಯಿತು. ನನ್ನ ಗಂಡನನ್ನು ಹುಡುಕಿದ್ದು ಮಾವನೇ, ಅದೇ ಪುಟದಲ್ಲಿ, ನಮ್ಮ ಬಳಿಯ ತಲೆಬರಹವನ್ನು ಮುಚ್ಚಿ.

ವರ್ಷಗಳ ಮೇಲೆ ಒಂದು ಭಾನುವಾರ ಮಾವ ಫೋನ್ ಮಾಡಿ, "ಬೇಗ ಬಾ, ಕಂಪ್ಯೂಟರ್ ಎಲ್ಲಾ ಉಲ್ಟಾ ಆಗಿದೆ" ಎಂದರು. ಆ ಸಾಫ್ಟ್‌ವೇರಿನವರು ಪುಟದ ಇಡೀ ವಿನ್ಯಾಸವನ್ನೇ ಬದಲಿಸಿದ್ದರು. ನಮ್ಮ ಆಫೀಸಿನಲ್ಲೂ ಅದೇ ಗೋಳಾಗಿತ್ತು. ಮೇಲಿನ ಟ್ಯಾಬುಗಳು ಹೋಗಿ ಎಲ್ಲವೂ ಎಡಗಡೆಗೆ ಬಂದಿದ್ದವು, ಕಾರ್ಖಾನೆಯ ಚಿತ್ರಗಳು ಮಾಯವಾಗಿದ್ದವು. ನಾನು ಹೋಗಿ ಕೂತು 'ಕಂಪನಿ ಪ್ರಕಾರ' ಎಲ್ಲಿದೆ ಎಂದು ಹುಡುಕಿ ತೆಗೆದುಕೊಟ್ಟೆ. ಮಾವ ಒಂದೊಂದೇ ಬಳಿಯನ್ನು ನೋಡುತ್ತಾ ಕೆಳಗಿಳಿದರು. ಎಲ್ಲ ಬಳಿಗಳೂ ಮುಗಿದ ಮೇಲೆ, ಹಳೆಯ ಪುಟದಲ್ಲಿ ಎಂದೂ ಇಲ್ಲದಿದ್ದ ಇನ್ನೊಂದು ತಲೆಬರಹ ಇತ್ತು: 'ಕಂಪನಿ ಇಲ್ಲ'.

ಅದನ್ನು ಒತ್ತಿದರು. ಹೆಸರುಗಳು ತೆರೆದುಕೊಂಡವು. ಕೆಳಗೆ ಎಳೆದಷ್ಟೂ ಬಂದವು.

"ಇವರೆಲ್ಲ ಯಾರು?" ಎಂದರು ಮಾವ.

ನಾನು ಒಂದು ಹೆಸರು ಒತ್ತಿದೆ. ಭಾಂಡುಪಿನ ಹುಡುಗ, ತಾಯಿ ಗುಜರಾತಿ. ಇನ್ನೊಂದು ಒತ್ತಿದೆ. ಮುಂಬ್ರಾದ ಹುಡುಗಿ, ತಾಯಿ ಮಲಯಾಳಿ. ಎಲ್ಲರದೂ ಹಾಗೆಯೇ. ತಂದೆ ನಮ್ಮವರು, ತಾಯಿ ಬೇರೆಯವರು, ಅದಕ್ಕೇ ಬಳಿಯ ಜಾಗ ಖಾಲಿ. ಹಳೆಯ ಪುಟ ಕಂಪನಿ ಪ್ರಕಾರ ತೋರಿಸುವಾಗ ಕಂಪನಿ ಬರೆಯದವರನ್ನು ಯಾವ ತಲೆಬರಹದ ಕೆಳಗೂ ಹಾಕುತ್ತಿರಲಿಲ್ಲ. ಆಫೀಸಿನಲ್ಲಿ ನಮಗೆ ಕಂಪನಿ ಇಲ್ಲದ ಗಿರಾಕಿಯೇ ಇರಲಿಲ್ಲವಾದ್ದರಿಂದ ನನಗದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಮಾವ ಬೇರೆ ಯಾವ ರೀತಿಯಲ್ಲೂ ಪುಟವನ್ನು ತೆರೆದವರಲ್ಲ, ಪುಟವೂ ಅವರ ಅಭ್ಯಾಸವನ್ನು ನೆನಪಿಟ್ಟುಕೊಂಡು ಪ್ರತಿ ಭಾನುವಾರ ಅದನ್ನೇ ತೆರೆದುಕೊಟ್ಟಿತ್ತು. ಇವರ ಫೋಟೋಗಳನ್ನು ಒಬ್ಬರಿಗೂ ತೋರಿಸಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ನೋಡಿಯೇ ಇರಲಿಲ್ಲ.

ನನ್ನ ಗೆಳತಿಯೂ ಅಲ್ಲಿದ್ದಳು. ರಬಾಳೆಯ ಆಫೀಸಿನ ಕಿಟಕಿಯ ನೀಲಿ ಕರ್ಟನ್ನಿನ ಮುಂದೆ ತೆಗೆಸಿಕೊಂಡ ಅದೇ ಫೋಟೋ.

ನಮ್ಮವರು ಬೇಡ ಎಂದರು ಎಂದು ನಾನು ಅವಳಿಗೆ ಎಷ್ಟು ಖಾತ್ರಿಯಾಗಿ ಹೇಳಿದ್ದೆ. ಅವಳು ಅದನ್ನು ನುಂಗಿಕೊಂಡು ಪುಣೆಗೆ ಹೋದಳು. ನನ್ನ ಮೇಲೆಯೇ ಬಂದ ಸಿಟ್ಟನ್ನೆಲ್ಲ ಮಾವನ ಮೇಲೆ ತಿರುಗಿಸಿ, "ಅವಳ ಹೆಸರು ನಿಮಗೆ ಪುಟದಲ್ಲಿ ಕಂಡಿದ್ದರೆ ನೀವು ತೋರಿಸುತ್ತಿದ್ದಿರಾ ಮಾಮ? ನಿಜ ಹೇಳಿ" ಎಂದು ಕೇಳಿದೆ.

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ತೋರಿಸ್ತಿದ್ದೆ ಮಗಾ. ಅದಕ್ಕೆ ಅಲ್ವಾ ತುಂಬಿಸಿದ್ದು. ಹೂಂ ಅಂತಿದ್ದರೋ ಇಲ್ಲವೋ ಗೊತ್ತಿಲ್ಲ. ಹೆಚ್ಚಿನವರು ಇಲ್ಲ ಅಂತಲೇ ಹೇಳ್ತಿದ್ದರು. ಆದರೆ ಒಬ್ಬರಾದರೂ ಫೋನ್ ಮಾಡಿ ಕೇಳ್ತಿದ್ದರು." ಕೆಳಗೆ ಗಿರಣಿ ಓಡುತ್ತಿತ್ತು, ನೆಲ ಅದುರುತ್ತಿತ್ತು.

ನಾನು ಎದ್ದು ಹೊರಡುವ ಹೊತ್ತಿಗೆ ಅವರು ಸಂಘದ ಫೋನನ್ನು ತನ್ನ ಕಡೆಗೆ ಎಳೆದುಕೊಂಡರು. "ಮಗಳದ್ದು ಮದುವೆ ಆಗಿದೆ ಅಂತಿ. ಆದರೂ ತಂದೆಗೆ ಒಂದು ಫೋನ್ ಮಾಡ್ತೇನೆ. ನಾನೇ ಮಾತಾಡ್ತೇನೆ. ತಪ್ಪಾಯ್ತು ಅಂತ ಹೇಳ್ತೇನೆ." ಪರದೆಯ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ ಒತ್ತಿದರು. ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ಅವರ ಅಭ್ಯಾಸ.

ಒಂದೆರಡು ರಿಂಗಿಗೇ ಎತ್ತಿದರು. "ಹ್ಯಾಲೋ, ಕೋಣ್ ಬೋಲ್ತಾಯ್?" ಯಾರು ಮಾತಾಡುವುದೆಂದು ಕೇಳಿದ್ದು ಗೆಳತಿಯ ಅಮ್ಮನ ದನಿ.

ಮಾವ ತಮ್ಮ ಕಾರ್ಖಾನೆಯ ಮರಾಠಿಯಲ್ಲಿ ತಡವರಿಸಿದರು. ತಾನು ಡೊಂಬಿವಲಿಯ ಸಂಘದವನು, ಮನೆಯವರಿದ್ದರೆ ಸ್ವಲ್ಪ ಮಾತಾಡಬೇಕಿತ್ತು ಎಂದರು. ಆ ಕಡೆಯಿಂದ, "ತುಳುಟೇ ಪಾತೆರ್ಲೆ, ಎಂಕ್ ಬರ್ಪುಂಡು" ಎಂಬ ಮಾತು ಕೇಳಿಸಿತು. ತುಳುವಿನಲ್ಲೇ ಮಾತಾಡಿ, ನನಗೆ ಬರುತ್ತದೆ ಎಂದು. ಅವರ ತುಳು ಗಂಡನದರ ಹಾಗೆಯೇ ಸ್ವಚ್ಛವಾಗಿತ್ತು. ಅವರಿಗೆ ತುಳು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಕಲ್ಯಾಣಿನ ಮನೆಯಲ್ಲಿ ಅವರು ಚಹಾ ಕೊಟ್ಟು ಒಳಗೆ ಹೋದಾಗ ನಾನಾಗಲೀ ಇನ್ನೊಬ್ಬರಾಗಲೀ ಅವರೊಡನೆ ಒಂದು ಮಾತೂ ಆಡಿರಲಿಲ್ಲ.

ಗಂಡ ತೀರಿಕೊಂಡು ಬಹಳ ದಿನವಾಗಲಿಲ್ಲ ಎಂದರು. ಕಳೆದ ಮಳೆಗಾಲದಲ್ಲಿ, ಜ್ವರ ಬಂದು. ಮಗಳು ಬಂದು ಎಲ್ಲ ಮುಗಿಸಿಕೊಟ್ಟು ಹೋದಳು, ತನ್ನ ಜತೆ ಬಂದಿರು ಎಂದು ಕರೆಯುತ್ತಿದ್ದಾಳೆ ಎಂದರು. ತಪ್ಪಾಯ್ತು ಎನ್ನಲು ಹೊರಟಿದ್ದ ಮಾವ ಹೌದಾ, ಹೌದಾ ಎಂದಷ್ಟೇ ಹೇಳುತ್ತಿದ್ದರು.

"ನೀವು ಫೋನ್ ಮಾಡಿದ್ದು ಒಳ್ಳೆಯದಾಯಿತು ಅಣ್ಣ" ಎಂದರು ಆಕೆ. "ಮಗಳು ಮೊಬೈಲ್ ಕೊಡಿಸಿದ್ದಾಳೆ, ಈ ಫೋನನ್ನು ತೆಗೆಸಿಬಿಡುವ ಅಂದರೆ ಅವರು ಬಿಡಲೇ ಇಲ್ಲ. ಸಂಘದಲ್ಲಿ ಕೊಟ್ಟದ್ದು ಈ ನಂಬರ್, ನಮ್ಮವರು ಫೋನ್ ಮಾಡಿದಾಗ ಬಂದ್ ಇದ್ದರೆ ಏನು ತಿಳಿದುಕೊಂಡಾರು ಅಂತಿದ್ದರು. ಅವರು ಹೋದ ಮೇಲೂ ನಾನು ತೆಗೆಸಲಿಲ್ಲ. ಈಗ ಮಾಡಿದಿರಲ್ಲ, ಇನ್ನು ತೆಗೆಸಬಹುದಾ?"